ಬಾಜೂ ಹೊಲದ ಕುರಿಗಳು

ಗೋಕಾಕ
೯ ಡಿಸೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಅಪ್ಪಾ,

ನಿನ್ನ ಮೊಣಕಾಲು ಈಗ ಹೇಗಿದೆ? ಚಳಿ ಬಿದ್ದಿದೆ, ಇಬ್ಬನಿಯಲ್ಲಿ ಬರಿಗಾಲಲ್ಲಿ ಅಡ್ಡಾಡಬೇಡ ಎಂದರೆ ನೀನು ಕೇಳುವವನಲ್ಲ. ನಿನ್ನ ಬಳಿಗೆ ಹೊರಟಿರುವ ಲಕ್ಷ್ಮಣನ ಚೀಲದಲ್ಲಿ ಎಣ್ಣೆಯ ಬಾಟಲಿ ಇಟ್ಟಿದ್ದೇನೆ. ಅದು ನಿನ್ನ ಕಾಲಿಗೆ, ಟಗರಿನ ಕಾಲಿಗಲ್ಲ. ಅವ್ವ ಶೇಂಗಾ ಚಟ್ನಿ, ಕಟಕ ರೊಟ್ಟಿ ಕಟ್ಟಿದ್ದಾಳೆ. ನೀನು ಮನೆ ಬಿಟ್ಟು ಕುರಿಗಳ ಹಿಂದೆ ಹೊರಟು ಒಂದೂವರೆ ತಿಂಗಳಾಯಿತೆಂದು ದಿನಕ್ಕೆ ನಾಲ್ಕು ಸಲ ಹೇಳುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀನು ಎರಡು ಸಲ ‘ಹೂಂ’ ಅಂದು, ಮೂರನೆಯದಕ್ಕೆ ಮರಿ ತಪ್ಪಿಸಿಕೊಂಡಿತೆಂದು ಓಡಿಬಿಡುತ್ತೀ. ಪತ್ರವಾದರೆ ಪೂರ್ತಿ ಕೇಳಲೇಬೇಕು. ತಮ್ಮಾ ಲಕ್ಷ್ಮಣ, ಓದಿ ಹೇಳುವವನು ನೀನೇ ಅಲ್ಲವೇ, ಬೇಗ ಮುಗಿಸುವ ಆಸೆಗೆ ನಡುವೆ ಸಾಲು ಹಾರಿಸಬೇಡ.

ಅಪ್ಪಾ, ನಿನ್ನ ಉಪಕಾರ ದೊಡ್ಡದು. ಕಳೆದ ತಿಂಗಳು ಪತ್ರಿಕೆಯ ಕಚೇರಿಯಿಂದ ಗಡಿಬಿಡಿಯಲ್ಲಿ ಫೋನ್ ಮಾಡಿದ್ದೆನಲ್ಲ, ಆಗ ಏನು ನಡೆದಿತ್ತೆಂದು ನಿನಗೆ ಪೂರ್ತಿ ಹೇಳಿರಲೇ ಇಲ್ಲ. ಎಲ್ಲರ ಮೊಬೈಲಿಗೂ ಒಂದು ವಿಡಿಯೋ ಬಂದಿತ್ತು. ಮೂಡಲಗಿ ಹತ್ತಿರ ನಿನ್ನೆ ಕುರಿಗಾರರು ಬೀರದೇವರ ಪೂಜೆ ಮಾಡುತ್ತಿದ್ದಾಗ ಮುಸ್ಲಿಮರು ನುಗ್ಗಿ ಹೊಡೆದರು ಎಂದು ಕೆಳಗೆ ಬರೆದಿತ್ತು. ಒಬ್ಬ ಮುದುಕನ ತಲೆಯಿಂದ ರಕ್ತ ಸುರಿಯುತ್ತಿತ್ತು, ಸುತ್ತ ಕುರಿಗಳು ಚದುರಿ ಓಡುತ್ತಿದ್ದವು. ಅವನ ಮುಖದಲ್ಲಿ ನನಗೆ ನೀನೇ ಕಂಡೆ. ಸುದ್ದಿ ಬರೆದು ಮುಗಿಸಿದ್ದೆ. ನೀನು ಕ್ಷೇಮವೋ ಇಲ್ಲವೋ ಎಂದು ತಿಳಿಯಲು ಫೋನ್ ಮಾಡಿದರೆ ನೀನು ಕೇಳಿದ್ದು ಒಂದೇ ಮಾತು. “ಕುರೀ ಮೈಮ್ಯಾಲ ತುಪ್ಪಟ ಐತ್ಯೋ, ಕತ್ತರಿಸ್ಯಾರೋ?” ನೋಡಿದೆ. ಮೈತುಂಬ ಉಣ್ಣೆ. “ದೀಪಾವಳಿ ಆದ ಮ್ಯಾಲ ನಮ್ಮ ಕಡೀ ಎಲ್ಲಾರೂ ಕತ್ತರಿಸ್ಯಾರ. ಎಲ್ಲಿ, ದನಿ ಕೇಳಸು” ಅಂದೆ ನೀನು. ಫೋನಿಗೆ ಫೋನ್ ಹಿಡಿದೆ. ವಿಡಿಯೋದಲ್ಲಿ ಯಾರೋ ಚದುರಿದ ಕುರಿಗಳನ್ನು ಕರೆಯುತ್ತಿದ್ದರು. ನೀನು ಅದನ್ನು ಎರಡು ಸಲ ಕೇಳಿ, “ಇದು ನಮ್ಮವರು ಕುರೀ ಕರಿಯೂ ಕೂಗಲ್ಲ ಬಿಡವ್ವಾ” ಅಂದೆ.

ಹುಡುಕಿದರೆ ಅದು ನಾಲ್ಕು ವರ್ಷದ ಹಿಂದಿನದು, ಬೇರೆ ರಾಜ್ಯದ್ದು. ಅಣ್ಣತಮ್ಮಂದಿರು ಬಾವಿಯ ನೀರಿಗಾಗಿ ಬಡಿದಾಡಿದ್ದು. ಆ ಹೊತ್ತಿಗಾಗಲೇ ಮೂಡಲಗಿಯಲ್ಲಿ ನಮ್ಮ ತುಪ್ಪಟ ಕೊಳ್ಳುವ ದಸ್ತಗೀರ ಕಾಕಾನ ಅಂಗಡಿಯ ಮುಂದೆ ಹತ್ತಿಪ್ಪತ್ತು ಹುಡುಗರು ಸೇರಿದ್ದರಂತೆ. ನಾವು ಖರೆ ಸಂಗತಿಯನ್ನು ಮೊಬೈಲಿನಲ್ಲೇ ಹಾಕಿದ ಮೇಲೆ ಅವರು ಒಬ್ಬೊಬ್ಬರಾಗಿ ಮನೆಗೆ ಹೋದರು. ಕಾಕಾ ಮರುದಿನ ಕಚೇರಿಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಆಶೀರ್ವಾದ ನಿನಗೆ ಸೇರಬೇಕಾದದ್ದು, ಇದರಲ್ಲಿ ಕಳಿಸುತ್ತಿದ್ದೇನೆ.

ನಿನಗೆ ನೆನಪಿದೆಯೇ, ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಮರಿಯನ್ನು ಓಣಿಯ ಕರೆವ್ವನೇ ಕದ್ದಳೆಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ. ನೀನು ಹೊಡೆಯಲಿಲ್ಲ, ಬೈಯಲೂ ಇಲ್ಲ. “ನೀ ಕಂಡಿಯೋ, ಯಾರರೆ ಹೇಳಿದ್ರೋ?” ಅಂತ ಕೇಳಿದೆ. ಮರಿ ಸಂಜೆಗೆ ಕಬ್ಬಿನ ಪಡದಿಂದ ತಾನೇ ಬಂತು. ಮರುದಿನ ನನ್ನ ಕೈ ಹಿಡಿದು ಕರೆವ್ವನ ಮನೆಗೆ ಕರೆದೊಯ್ದು ತಪ್ಪಾಯಿತೆಂದು ಹೇಳಿಸಿದೆ. ಆಗ ನಿನ್ನ ಮೇಲೆ ಎಂಥ ಸಿಟ್ಟು ಬಂದಿತ್ತು! ಈಗ ಆ ಮಾತಿನಿಂದಲೇ ನನ್ನ ಪಗಾರ ನಡೆಯುತ್ತಿದೆ.

ಇಷ್ಟರಲ್ಲೇ ನಿಂತಿದ್ದರೆ ನಾನು ಹಿಗ್ಗಿ ಹೀರೇಕಾಯಿ ಆಗಿರುತ್ತಿದ್ದೆ. ಆದರೆ ಕಳೆದ ವಾರ ಹುಕ್ಕೇರಿ ಕಡೆಯ ಒಂದು ಹಳ್ಳಿಯಿಂದ ಕೇದಾರಿ ಎಂಬವರು ತಮ್ಮ ತಾಯಿ ಸಾತವ್ವನ ಜೊತೆ ಬಂದರು. ಬೌದ್ಧರು, ಹೊಲದ ಕೆಲಸಕ್ಕೆ ಹೋಗುವವರು. ಹಳ್ಳಿಯ ಹೆಸರು ಬರೆಯುವುದಿಲ್ಲ, ಪತ್ರ ದಾರಿಯಲ್ಲಿ ಯಾರ ಕೈಗೆ ಸಿಗುತ್ತದೋ. ತಮ್ಮ ಸ್ವಂತ ಜಾಗದಲ್ಲಿ ತಗಡಿನ ಚಪ್ಪರ ಹಾಕಿ ಬುದ್ಧನ ಮೂರ್ತಿ ಇಟ್ಟಿದ್ದರು. ಹಾಡುಹಗಲೇ, ಮನೆಯವರೆಲ್ಲ ಕೂಲಿಗೆ ಹೋದಾಗ, ಯಾರೋ ಅದನ್ನು ಒಡೆದುಹಾಕಿದ್ದರು. ಪೊಲೀಸರಿಗೆ ಅರ್ಜಿ ಕೊಟ್ಟಿದ್ದರೂ ಕಂಡವರಿಲ್ಲವೆಂದು ಅದು ಅಲ್ಲಿಗೇ ನಿಂತಿತ್ತು. ನಮ್ಮ ಸಂಪಾದಕರು ಅಶೋಕ ಸರ್ ಕೆಟ್ಟವರಲ್ಲ. ಆದರೂ, “ಮೊನ್ನೆನ ಒಂದು ಸುಳ್ಳು ನೋಡೇವಿ. ಇದೂ ಹಂಗ ಇದ್ರ?” ಅಂದರು. ನಾಚಿಕೆಯ ಮಾತು ಅಪ್ಪಾ, ನನ್ನ ಮನಸ್ಸಿಗೂ ಅದೇ ಬಂದಿತ್ತು. ಒಂದು ಸುಳ್ಳನ್ನು ಹಿಡಿದ ಜಂಬದಲ್ಲಿ ನಾನು ಎಲ್ಲವನ್ನೂ ಸುಳ್ಳೆಂದುಕೊಳ್ಳಲು ಹೊರಟಿದ್ದೆ. ಸಾತವ್ವ ಎದ್ದು ಸೆರಗು ಸರಿಮಾಡಿಕೊಂಡು, “ನಂಬ್ರಿ ಅಂತ ಹೇಳಾಕ ಬಂದಿಲ್ಲವ್ವಾ. ಬಂದು ನೋಡ್ರಿ ಅಂತ ಹೇಳಾಕ ಬಂದೇನಿ” ಅಂದರು. ಮರುದಿನ ಬೆಳಗಿನ ಬಸ್ಸಿಗೆ ಹೋದೆ.

ಊರವರು ಎಲ್ಲರೂ ಒಂದೇ ಮಾತು ಹೇಳಿದರು. “ಬಾಜೂ ಹೊಲದಾಗ ಗೊಬ್ಬರಕ್ಕಂತ ಕುರೀ ಕೂಡಿಸಿದ್ರು. ಅವ ನುಗ್ಗಿ ಕೆಡವ್ಯಾವು ಬಿಡ್ರಿ.” ಕುರಿಗಾರನ ಮಗಳ ಮುಂದೆ ಕುರಿಯ ಮೇಲೆ ಚಾಡಿ! ಚಪ್ಪರದ ಒಳಗೆ ಕೂತು ನೋಡಿದೆ. ಒಂದು ಹಿಕ್ಕೆ ಇಲ್ಲ, ಗೊರಸಿನ ಒಂದು ಗುರುತಿಲ್ಲ. ಸಗಣಿ ಸಾರಿಸಿದ ನೆಲ ಹಾಗೇ ಇತ್ತು, ಸಾತವ್ವ ಒಡೆದ ಚೂರನ್ನೂ ಎತ್ತದೆ ಕಾದಿದ್ದರು. ಇಟ್ಟಿದ್ದ ಹೂವಿನ ಹಾರ ಒಣಗಿಕೊಂಡು ಅಲ್ಲೇ ಬಿದ್ದಿತ್ತು. ಚೆಂಡು ಹೂವನ್ನು ಮೇಯದೆ ಬಿಟ್ಟು ಮೂರ್ತಿಯನ್ನು ಕೆಡವಿ ಹೋಗುವ ಕುರಿಯನ್ನು ನಾನಂತೂ ಕಂಡಿಲ್ಲ. ಇದೆಲ್ಲ ಬರೆದುಕೊಂಡೆ. ಸಾತವ್ವ ಕೊಟ್ಟ ಚಹಾ ಕುಡಿದೆ. ತಮ್ಮ ಮೇಲೆ ಅನುಮಾನಪಟ್ಟವಳಿಗೆ ಚಹಾ ಕೊಡುವ ಮನಸ್ಸು ಎಷ್ಟು ಜನರಿಗಿರುತ್ತದೆ?

ಅಶೋಕ ಸರ್ ಓದಿ, “ಕುರಿ ಅಲ್ಲ ಅನ್ನೂದು ಖರೆ ಆತು. ಯಾರು ಅನ್ನಾಕ ಕಂಡವರು ಒಬ್ಬರರೆ ಬೇಕಲ್ಲ?” ಅಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಶುಕ್ರವಾರದವರೆಗೆ ಪುಟದಲ್ಲಿ ಜಾಗ ಹಿಡಿದಿಟ್ಟಿದ್ದಾರೆ. ಅಷ್ಟರೊಳಗೆ ಯಾರೂ ಸಿಗದಿದ್ದರೆ ಅದು ಕುರಿ ಕೆಡವಿದ ಮೂರ್ತಿಯಾಗಿಯೇ ಉಳಿಯುತ್ತದೆ, ಆ ಮನೆಯವರು ಸುಳ್ಳರಾಗುತ್ತಾರೆ.

ಇರಲಿ. ನೀನು ನನ್ನನ್ನು ಗೋಕಾಕದ ಹಾಸ್ಟೆಲಿಗೆ ಬಿಟ್ಟು ಹಿಂದಿರುಗಿ ನೋಡದೆ ಹೋದ ದಿನ ನಾನು ಅತ್ತಿದ್ದೆ. ತಿರುಗಿ ನೋಡಿದ್ದರೆ ವಾಪಸು ಕರೆದುಕೊಂಡು ಬರುತ್ತಿದ್ದೆನೆಂದು ಆಮೇಲೆ ಅವ್ವನ ಮುಂದೆ ಹೇಳಿದೆಯಂತೆ. ಅದಕ್ಕೂ, ಕರೆವ್ವನ ಮನೆಗೆ ಎಳೆದೊಯ್ದದ್ದಕ್ಕೂ ನಿನ್ನ ಕಾಲಿಗೆ ಬೀಳುತ್ತೇನೆ. ಕುರಿಗಳಿಗೆಲ್ಲ ನನ್ನ ಪ್ರೀತಿ, ಕಚ್ಚುವ ನಾಯಿಗೂ ಸ್ವಲ್ಪ. ಬೀರದೇವರು ನಿನ್ನನ್ನು ತಂಪಾಗಿಡಲಿ.

ನಿನ್ನ ಮಗಳು,
ವಿಜಯಲಕ್ಷ್ಮಿ

ತಾ.ಕ.: ಲಕ್ಷ್ಮಣನ ಬಸ್ಸು ಬಂತು, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಬಾಜೂ ಹೊಲದಲ್ಲಿ ಆ ದಿನ ಇದ್ದದ್ದು ನಮ್ಮ ಕುರಿಗಳೆಂದು ಅಲ್ಲಿ ಹೋದ ಮೇಲೆ ತಿಳಿಯಿತು. ಹೊಲದವರು ಎಂಟು ದಿನ ಕೂಡಿಸಲು ಹೇಳಿದ್ದರೂ ನೀನು ಎರಡನೆಯ ದಿನವೇ, ಮೂರ್ತಿ ಒಡೆದ ಸಂಜೆಯೇ, ಕುರಿ ಎಬ್ಬಿಸಿಕೊಂಡು ಹೊರಟೆಯಂತೆ. ಕಾರಣವಿಲ್ಲದೆ ನೀನು ಹಾಗೆ ಮಾಡುವವನಲ್ಲ. ಪ್ರತಿ ವರ್ಷ ಕುರಿ ಕೂಡಿಸಲು ನಿನಗೆ ಹೊಲ ಕೊಡುವ ಊರು ಅದು, ನಿನ್ನ ಹೆಸರು ಅಚ್ಚಾದರೆ ಮುಂದೆ ಕೊಡಲಿಕ್ಕಿಲ್ಲ, ಗೊತ್ತಿದೆ. ಕಾಗದದ ಹಿಂದಿನ ಮಗ್ಗುಲು ಖಾಲಿ ಬಿಟ್ಟಿದ್ದೇನೆ. ಲಕ್ಷ್ಮಣ, ಅಪ್ಪ ಹೇಳಿದಷ್ಟನ್ನೇ ಬರೆ, ನಿನ್ನದೇನೂ ಸೇರಿಸಬೇಡ, ಕೆಳಗೆ ಹೆಬ್ಬೆಟ್ಟು ಒತ್ತಿಸು. ಖಾಲಿಯಾಗಿಯೇ ಬಂದರೂ ನಾನು ಸಿಟ್ಟಾಗುವುದಿಲ್ಲ, ಇನ್ನೊಮ್ಮೆ ಕೇಳುವುದೂ ಇಲ್ಲ. ಆದರೆ ಈ ಒಂದು ಸಲ ನಾನು ನಿನ್ನನ್ನು ಕೇಳಲೇಬೇಕು: ಅಪ್ಪಾ, ನೀ ಕಂಡಿಯೋ, ಯಾರರೆ ಹೇಳಿದ್ರೋ?