ಲಗ್ನಕ್ಕೊಂದು ಬಣ್ಣ

ನನ್ನ ಅತ್ತೆಗೆ,

ನೀನು ಹೋದಮೇಲೆ ಕಲಬುರಗಿಯ ಗಾಜಿಪುರದ ಮನೆಯಲ್ಲಿ ನನ್ನನ್ನು ಬೈಯುವವರೇ ಇಲ್ಲ. ಚಹಾ ಆರಿಹೋದರೂ ಯಾರೂ ಕೇಳುವುದಿಲ್ಲ. ಎಷ್ಟು ನೆನಪಾಗುತ್ತೀಯೆಂದರೆ, ಸಿಟ್ಟೇ ಬರುತ್ತದೆ ನಿನ್ನ ಮೇಲೆ.

ಸಂಜೆ ಕರೆಂಟು ಹೋದಾಗಲೆಲ್ಲ ಕಮಲಾಪುರದ ನಮ್ಮ ವಾಡೆಯ ಕಥೆ ತೆಗೆಯುತ್ತಿದ್ದೆಯಲ್ಲ? ನಿನ್ನ ಅಜ್ಜ ಹೈದರಾಬಾದಿನ ಹವೇಲಿಗಳನ್ನು ಕಣ್ಣುತುಂಬ ನೋಡಿಬಂದು ಬಾಗಿಲಿಗೆ ಕಮಾನು ಕಟ್ಟಿಸಿದ್ದು. ಒಳಗೆ ಮಾತ್ರ ನಮ್ಮ ಕಡೆಯ ಹಾಗೇ ನಡುವೆ ಅಂಗಳ, ಸುತ್ತ ಪಡಸಾಲೆ, ಸಾಗವಾನಿ ಕಂಬಗಳು. ಕರಿಕಲ್ಲಿನ ಗೋಡೆ ಎಷ್ಟು ದಪ್ಪವೆಂದರೆ, ಅದರ ಗೂಡಿನಲ್ಲಿ ನೀನು ಕಾಲು ಮಡಚಿ ಕೂತು ಓದುತ್ತಿದ್ದೆಯಂತೆ. ಮನೆಯಲ್ಲಿ ಲಗ್ನ ಬಂದಾಗ ಮಾತ್ರ ಕಂಬಗಳಿಗೆ ಬಣ್ಣ. ಹಳೆಯದನ್ನು ಕೆರೆಯದೆ ಅದರ ಮೇಲೆಯೇ ಹೊಸದು. "ಲಗ್ನಕ್ಕೊಂದು ಬಣ್ಣ ನೋಡ ಗೌರಿ," ಎಂದು ನಗುತ್ತಿದ್ದೆ. ಆಮೇಲೆ ಕಥೆಯನ್ನು ಅಲ್ಲಿಗೇ ಬಿಟ್ಟು ಎದ್ದುಹೋಗುತ್ತಿದ್ದೆ.

ಯಾಕೆಂದು ನನಗೆ ಗೊತ್ತಿತ್ತು. ನೀನು ಮೆಚ್ಚಿದ ಮಾಸ್ತರನಿಗೆ ನಿನ್ನನ್ನು ಕೊಡುವ ಮಾತು ನಡೆದಿದ್ದಾಗಲೇ ನಿನ್ನಪ್ಪ, ನನ್ನ ಮುತ್ಯಾ, ಎದೆ ಹಿಡಿದುಕೊಂಡು ಹೋಗಿಬಿಟ್ಟ. "ಅಪ್ಪಗ ಈ ಸಂಬಂಧ ಮನಸ್ಸಿರಲಿಲ್ಲ," ಎಂದು ದೊಡ್ಡಪ್ಪ ಮುರಿದುಹಾಕಿದ. ನೀನು ಮತ್ತೆ ವಾಡೆಯ ಹೊಸ್ತಿಲು ತುಳಿಯಲಿಲ್ಲ, ಲಗ್ನವನ್ನೂ ಆಗಲಿಲ್ಲ. ಕೊನೆಯ ಜ್ವರದಲ್ಲೂ ಅದೇ ಪ್ರಶ್ನೆ: "ನಮ್ಮಪ್ಪ ಖರೇನೇ ಒಲ್ಲೆ ಅಂದಿದ್ನೇನ?" ಅದು ಮುತ್ಯಾ ಇದ್ದಾಗಿನ ಮಾತು; ಆಗ ನಾನು ಹುಟ್ಟೇ ಇರಲಿಲ್ಲ…

ಮೊನ್ನೆ ವಾಡೆಯ ದುರಸ್ತಿ ನೋಡಲು ಹೋಗಿದ್ದೆ. ಬಡಿಗ ಕಂಬಗಳ ಬಣ್ಣ ಕೆರೆಯುತ್ತಿದ್ದ. ಮೇಲೆ ನನ್ನಪ್ಪನ ಲಗ್ನದ ಹಳದಿ, ಅದರ ಕೆಳಗೆ ದೊಡ್ಡಪ್ಪನ ಹಸಿರು, ಎಲ್ಲಕ್ಕೂ ಕೆಳಗೆ ಮುತ್ಯಾನ ಕೆಂಪು. ಅಡುಗೆಮನೆ ಬದಿಯ ಒಂದೇ ಒಂದು ಕಂಬದಲ್ಲಿ ಹಸಿರಿಗೂ ಕೆಂಪಿಗೂ ನಡುವೆ ನೀಲಿ! ಅದೂ ಅರ್ಧಕ್ಕೇ ನಿಂತಿತ್ತು. ಯಾರ ಲಗ್ನದ್ದಪ್ಪಾ ಇದು?

ನಿನ್ನ ಗೆಳತಿ, ಪಕ್ಕದ ಮನೆಯ ಕಾಸಿಂಬಿಯನ್ನು ಕರೆದು ತೋರಿಸಿದೆ. ಹಣೆ ಬಡಿದುಕೊಂಡಳು. "ಅಯ್ಯ ನಮ್ಮವ್ವ! ನಿಮ್ಮ ಮುತ್ಯಾ ಹಚ್ಚಿದ್ದದು. 'ಮಗಳ ಲಗ್ನ ಅದ, ಮೊದಲನೇ ಕಂಬ ನಾನೇ ಹಚ್ತೀನಿ' ಅಂತ ಕುಂತಿದ್ದ. ಹಚ್ಚಾಕತ್ತಾಗೇ ಎದಿ ಹಿಡಕೊಂಡ. ನಿಮ್ಮತ್ತಿ ಕಲಬುರಗಿ ಹಾಸ್ಟೆಲಿಂದ ಬರೂದ್ರಾಗ ನಿಮ್ಮ ದೊಡ್ಡಪ್ಪ ಜ್ವಾಳದ ಚೀಲ ಒಟ್ಟಿಸಿ ಕಂಬ ಮುಚ್ಚಿಸಿದ್ದ. ಆಕಿಗಿ ಗೊತ್ತದ ಅಂತ ತಿಳಕೊಂಡಿದ್ದೆ ನಾ…"

ಇಬ್ಬರೂ ಆ ಕಂಬದ ಬುಡದಲ್ಲಿ ಕೂತು ಅತ್ತೆವು. ನೀನು ಒಂದೇ ಒಂದು ಸಲ ಬಂದು ಅದನ್ನು ಮುಟ್ಟಿದ್ದರೆ…

ಬಡಿಗನಿಗೆ ಹೇಳಿದ್ದೇನೆ, ಉಳಿದವನ್ನೆಲ್ಲ ಕೆರೆ, ಆ ನೀಲಿಗೆ ಮಾತ್ರ ಕೈ ಹಚ್ಚಬೇಡ ಎಂದು. ನಾನಿರುವವರೆಗೂ ಅದರ ಮೇಲೆ ಬೇರೆ ಬಣ್ಣ ಬೀಳುವುದಿಲ್ಲ.

ನಿನ್ನಪ್ಪ ಒಲ್ಲೆ ಅಂದಿರಲಿಲ್ಲ, ಅತ್ತೆ.

ನಿನ್ನ
ಗೌರಿ