ಥರ್ಮೋಕೋಲಿನ ಮುರಕಲ್ಲು

೨೧-೧೨-೨೦೦೩, ಭಾನುವಾರ. ಶಂಕರಪುರ.

ನನ್ನ ಬುದ್ಧಿಗಿಷ್ಟು! ಬಾಲಯೇಸುವನ್ನು ಮಲಗಿಸುವ ಕ್ರಿಸ್ಮಸ್ ಗೋದಲಿಗೆಂದು ಥರ್ಮೋಕೋಲಿನಲ್ಲಿ ಗೆರೆ ಕೊರೆದು ಚಂದದ ಇಟ್ಟಿಗೆ ಗೋಡೆ ಮಾಡಿದ್ದೆ. ಗೇಟಿಗೆ ಬಳಿದು ಉಳಿದಿದ್ದ ಕೆಂಪು ಪೇಂಟಿಗೆ ಥಿನ್ನರ್ ಬೆರೆಸಿ ಹಚ್ಚಿದೆ. ಅದು ಥರ್ಮೋಕೋಲನ್ನೇ ತಿಂದುಬಿಟ್ಟಿತು. ಗೋಡೆ ತುಂಬ ತೂತು. ಸಿಟ್ಟಿನಲ್ಲಿ ಬಿಸಾಡಲು ಹೊರಟಾಗ ನನ್ನ ಹೆಂಡತಿ ಫಿಯೋನಾ ತಡೆದಳು.

"ಎಂತ ಮಾರಾಯ್ರೆ, ಇದು ನಮ್ಮ ಮುರಕಲ್ಲೇ ಅಲ್ವಾ?"

ಹೌದು! ನಮ್ಮ ಬಾವಿಕಟ್ಟೆಯ ಕಲ್ಲಿನದೇ ಕೆಂಪು, ಅದೇ ತೂತು. ಬ್ರಶ್ ಹಿಡಿದು ವಾರವಿಡೀ ಕೂತರೂ ನನಗೆ ಇಷ್ಟು ಚಂದ ಬರುತ್ತಿರಲಿಲ್ಲ. ಬೇಕೆಂದೇ ಮಾಡಿದ್ದು ಎಂದುಬಿಟ್ಟೆ. ಅವಳು ನಂಬಲಿಲ್ಲ.

ಅಮ್ಮ ಮಾತ್ರ ಕನ್ನಡಕ ಏರಿಸಿಕೊಂಡು ಗೋಡೆಯನ್ನು ಸವರಿ ನೋಡಿದರು. "ಸಿಮೆಂಟ್ ಸಾರಣೆ ಮಾಡುವುದಿಲ್ವಾ? ಮಳೆಗೆ ನೀರು ಒಸರ್ತದೆ. ಬಾಲಯೇಸುವಿಗೆ ಶೀತ ಆದೀತು."

ನಕ್ಕು ನಕ್ಕು ಸಾಕಾಯಿತು. ಆದರೂ, ಮಗು ಮಲಗುವ ಕಡೆಯ ಗೋಡೆಗಾದರೂ ಒಂದಿಷ್ಟು ಸುಣ್ಣ...