ಅತ್ತೆಯವರಿಗೆ ಓದಿ ಹೇಳಿದ ಕಾದಂಬರಿ

ಅತ್ತೆಯವರಿಗೆ ನಿಮ್ಮ ಸೊಸೆ ನಾಗರತ್ನಾಳ ನಮಸ್ಕಾರ.

ಗಜೇಂದ್ರಗಡದ ಬಸ್ ನಿಲ್ದಾಣದ ಎದುರು ತೌಸೀಫ ಎಂಬಾತ ನೆಟ್ ಸೆಂಟರ್ ಹಾಕಿದ್ದಾನೆ. ನಾನೂ ಆಗಾಗ ಹೋಗುತ್ತೇನೆ. ಆರ್ಕುಟ್‌ನಲ್ಲಿ ಕನ್ನಡ ಪುಸ್ತಕ ಓದುವವರ ಗುಂಪೊಂದಿದೆ. ಓದಿನ ಮರೆಯಲಾಗದ ಗಳಿಗೆಯನ್ನು ಬರೆಯಿರಿ ಎಂದು ಹೋದ ವಾರ ಯಾರೋ ಕೇಳಿದ್ದರು. ನಾನು ನಿಮ್ಮ ವಿಷಯ ಬರೆದೆ.

ನಮ್ಮಿಬ್ಬರ ನಡುವೆ ಮಾತು ಕಡಿಮೆಯಿತ್ತು. ನೀವು ಸೀರೆ ನೇಯುವಾಗ ನಾನು ಕಾದಂಬರಿ ಓದಿ ಹೇಳುತ್ತಿದ್ದೆ, ಅಷ್ಟೆ. ಕೊನೆಗೆ ಓದುತ್ತಿದ್ದ ಕಾದಂಬರಿಯಲ್ಲಿ ತವರಿಗೆ ಹೊರಟ ಹುಡುಗಿ ತುಂಬಿದ ಹೊಳೆಗೆ ಇಳಿದಾಗ ನೀವು ಮಗ್ಗ ನಿಲ್ಲಿಸಿದಿರಿ.

“ಸಾಕವ್ವಾ, ಇವತ್ತ ಆಕೀನ ದಾಟಸಬ್ಯಾಡ. ನೀರ ಇಳೀಲಿ, ನಾಳೆ ಓದೂಣು,” ಅಂದಿರಿ.

ಮರುದಿನ ನಿಮಗೆ ಎದೆನೋವು ಬಂತು. ದವಾಖಾನೆಯಿಂದ ನೀವು ಮರಳಲಿಲ್ಲ. ಆ ಪುಸ್ತಕವನ್ನು ನಾನು ಮತ್ತೆ ತೆರೆದಿಲ್ಲ.

ಇವತ್ತು ಸಂಜೆ ಹೋಗಿ ನೋಡಿದರೆ ಬಹಳ ಜನ ಉತ್ತರಿಸಿದ್ದರು. ಆ ಕಾದಂಬರಿ ಓದಿದ್ದ ಒಬ್ಬರು, ಮುಂದೇನಾಯಿತೆಂದು ಹೇಳಲೇ ಎಂದು ಕೇಳಿದ್ದರು. ಬೇಡ ಎಂದೆ. ಮಂಗಳೂರಿನ ಹೆಂಗಸೊಬ್ಬರು, “ನಿಮ್ಮ ಅಮ್ಮ ನಿಮ್ಮನ್ನು ಎಷ್ಟು ಹಚ್ಚಿಕೊಂಡಿದ್ದರು!” ಎಂದು ಬರೆದಿದ್ದರು. ನಾನು ‘ನಮ್ಮ ಮನೆಯ ಹಿರಿಯರು’ ಎಂದಷ್ಟೇ ಬರೆದಿದ್ದೆ. ಅಮ್ಮ ಅಲ್ಲ, ಅತ್ತೆ ಎಂದು ತಿದ್ದಲು ಟೈಪ್ ಮಾಡತೊಡಗಿದೆ.

“ಅಕ್ಕಾರ, ಲಗೂ ಮುಗಸ್ರಿ, ಕರೆಂಟ್ ಹೋಗೂ ಹೊತ್ತಾತು,” ಅಂದ ತೌಸೀಫ.

ಬರೆದದ್ದನ್ನು ಅಳಿಸಿದೆ. “ಹೌದ್ರಿ” ಎಂದಷ್ಟೇ ಕಳಿಸಿ ಎದ್ದು ಬಂದೆ.